ಆಡದವನೇ ಆಟಗಾರ

ಚಿತ್ರದುರ್ಗ ಜಿಲ್ಲೆಯಲ್ಲಿ ಒಮ್ಮತ ಅನ್ನುವುದು ಮಳೆಗಿಂತ ಅಪರೂಪ. ವಾಣಿವಿಲಾಸ ಸಾಗರ ತುಂಬಿತೆಂದು ಹಿರಿಯೂರಿನವರು ಬಾಗಿನ ಬಿಡುತ್ತಾರೆ. ಅದೇ ಹೊತ್ತಿಗೆ ಹೊಸದುರ್ಗದ ಹಿನ್ನೀರಿನ ರೈತರು ನಮ್ಮ ತೋಟ ಮುಳುಗಿತು, ಕೋಡಿ ತಗ್ಗಿಸಿ ಎಂದು ಅರ್ಜಿ ಹಿಡಿದು ಬರುತ್ತಾರೆ. ಆ ನೀರು ನಮ್ಮ ನಲ್ಲಿಗೆ ಯಾವತ್ತು ಬರುತ್ತದೆ ಅನ್ನುವುದು ದುರ್ಗದವರ ಪ್ರಶ್ನೆ. ಯಾವ ಪಟ್ಟಿಯಲ್ಲಿ ನಮ್ಮ ಕೆರೆಯ ಹೆಸರು ಬಿಟ್ಟುಹೋಯಿತು ಅನ್ನುವುದು ಹೊಳಲ್ಕೆರೆಯವರ ಹುಡುಕಾಟ. ಇಂಥ ನಾಲ್ಕು ತಾಲ್ಲೂಕುಗಳನ್ನು ಒಂದೇ ಮಾತಿಗೆ ತಂದ ಕೀರ್ತಿ ಇದುವರೆಗಿನ ಯಾವ ಉಸ್ತುವಾರಿ ಸಚಿವರಿಗೂ ಸಿಕ್ಕಿಲ್ಲ. ಅದು ಸಿಕ್ಕಿದ್ದು ನಮ್ಮ ಆರ್‌ಸಿಬಿಗೆ. ತಂಡ ಸೋತ ಮರುದಿನ ದುರ್ಗದ ಗಾಂಧಿ ವೃತ್ತದಿಂದ ಹಿಡಿದು ಹೊಸದುರ್ಗದ ಬಸ್ ನಿಲ್ದಾಣದವರೆಗೆ ಚಹಾದಂಗಡಿಗಳಲ್ಲಿ ಒಂದೇ ಠರಾವು: “ಮುದುಕನ್ನ ತೆಗೀರಲೇ, ಹುಡುಗನಿಗೆ ಕೊಡ್ರಿ.”

ಯಾವ ಹುಡುಗನಿಗೆ ಎಂದು ಕೇಳುವವನು ಕ್ರಿಕೆಟ್ ತಿಳಿಯದವನು. ಬೆಂಚಿನ ಮೇಲೆ ಕೂತು ನೀರಿನ ಬಾಟಲಿ ಹೊರುತ್ತಿರುವವನು ಯಾರೇ ಇರಲಿ, ಅವನೇ ಆ ಹುಡುಗ. ಆಡುತ್ತಿರುವವನು ಎಷ್ಟು ಸಲ ಔಟಾದ ಅನ್ನುವುದಕ್ಕೆ ಲೆಕ್ಕ ಇದೆ. ಬೆಂಚಿನ ಮೇಲಿರುವವನು ಒಮ್ಮೆಯೂ ಔಟಾಗಿಲ್ಲ. ಅವನ ಸರಾಸರಿಗೆ ಬ್ರಾಡ್‌ಮನ್ ಕೂಡ ಸಾಟಿಯಲ್ಲ.

ಈ ಸಿದ್ಧಾಂತಕ್ಕೆ ಪಾಠದಂಥ ಉದಾಹರಣೆ ಬೇಕಿದ್ದರೆ 2025ರ ಫೆಬ್ರುವರಿ 13ನೇ ತಾರೀಖನ್ನು ನೋಡಬೇಕು. ಅಂದು ಆರ್‌ಸಿಬಿ ತನ್ನ ಹೊಸ ನಾಯಕ ರಜತ್ ಪಾಟೀದಾರ್ ಎಂದು ಸಾರಿತು. ಕೆಳಗಿಳಿದಿದ್ದವರು ಫಾಫ್ ಡುಪ್ಲೆಸಿ, ವಯಸ್ಸು 40. ಅವರು 2023ರಲ್ಲಿ ಒಂದೇ ಸೀಸನ್ನಿನಲ್ಲಿ 730 ರನ್ ಹೊಡೆದಿದ್ದರು. 2024ರಲ್ಲಿ ಪಾತಾಳದಲ್ಲಿದ್ದ ತಂಡವನ್ನು ಸತತ ಆರು ಪಂದ್ಯ ಗೆಲ್ಲಿಸಿ ಪ್ಲೇಆಫ್‌ಗೆ ಒಯ್ದಿದ್ದರು. ಅದೆಲ್ಲ ಸರಿ, ಆದರೆ 40 ಅಂದರೆ 40. ಅದೇ 40ರವನು ನಮ್ಮ ಜಿಲ್ಲೆಯಲ್ಲಿ ಬಿಳಿ ಅಂಗಿ ತೊಟ್ಟು ಫ್ಲೆಕ್ಸ್‌ನಲ್ಲಿ ಕೈಮುಗಿದು ನಿಂತರೆ ಅವನ ತಲೆಯ ಮೇಲೆ ‘ಯುವ ನಾಯಕ’ ಎಂದು ಬರೆಸುತ್ತೇವೆ. ಇನ್ನು ಪಾಟೀದಾರ್‌ಗೆ ಆಗ 31 ವರ್ಷ. ಇದೇ 31ರ ಗಂಡಿನ ಜಾತಕ ಹಿಡಿದು ಹೊಳಲ್ಕೆರೆ ಕಡೆ ಹೆಣ್ಣು ಕೇಳಲು ಹೋಗಿ ನೋಡಿ. “ವಯಸ್ಸು ಸ್ವಲ್ಪ ಮೀರೈತಲ್ಲ ಯಜಮಾನ್ರೇ” ಅನ್ನುತ್ತಾರೆ. ತೋಟದ ಎಕರೆ ಕೇಳಿದ ಮೇಲೆಯೇ ಅವನು ಮತ್ತೆ ಹುಡುಗನಾಗುವುದು.

ಆ ಘೋಷಣೆಗೂ ಮೂರು ತಿಂಗಳ ಹಿಂದೆ ನಮ್ಮ ಹುಡುಗ ಬೇರೆಯವನಿದ್ದ. 2024ರ ನವೆಂಬರಿನಲ್ಲಿ ಜೆದ್ದಾದಲ್ಲಿ ಹರಾಜು ನಡೆಯುವಾಗ ದುರ್ಗದಲ್ಲಿ ಎಲ್ಲರ ಬಾಯಲ್ಲೂ ಕೆ.ಎಲ್. ರಾಹುಲ್. ನಮ್ಮ ನಾಡಿನವನು, ನಮ್ಮ ಭಾಷೆಯವನು, ಬಂದು ನಾಯಕನಾಗುತ್ತಾನೆ ಎಂದು ನಾವು ಪಟ್ಟಾಭಿಷೇಕಕ್ಕೆ ಮುಹೂರ್ತವನ್ನೂ ನೋಡಿಯಾಗಿತ್ತು. ದೆಹಲಿಯವರು 14 ಕೋಟಿಗೆ ಕೂಗಿ ಕರೆದುಕೊಂಡು ಹೋದರು. ಸಾಲದ್ದಕ್ಕೆ ನಾವು ಬೇಡವೆಂದ ಡುಪ್ಲೆಸಿಯವರನ್ನೂ 2 ಕೋಟಿಗೆ ಅವರೇ ಕರೆದುಕೊಂಡರು. ಬೇಕೆಂದವನೂ ಬೇಡವೆಂದವನೂ ಒಂದೇ ಮನೆಗೆ ಹೋದಾಗ ಹೊಟ್ಟೆಯಲ್ಲಿ ಆಗುವ ಸಂಕಟ ಗ್ರಾಮ ಪಂಚಾಯಿತಿ ಚುನಾವಣೆ ಕಂಡವರಿಗೆ ಮಾತ್ರ ಗೊತ್ತು. ಎರಡು ದಿನ ಫ್ರಾಂಚೈಸಿಯವರ ಮೇಲೆ ಶಾಪ ಹಾಕಿದೆವು, ಕನ್ನಡದ ಸ್ವಾಭಿಮಾನ ಎತ್ತಿದೆವು, ಇನ್ನು ಈ ತಂಡದ ಹೆಸರೆತ್ತುವುದಿಲ್ಲ ಎಂದು ಆಣೆ ಇಟ್ಟೆವು. ಫೆಬ್ರುವರಿ 13ರ ಮಧ್ಯಾಹ್ನ ಇಂದೋರಿನ ಪಾಟೀದಾರ್ ಹೆಸರು ಬಂದದ್ದೇ ತಡ, ಸಂಜೆಯ ಮಂಡಕ್ಕಿ ಮೆಣಸಿನಕಾಯಿ ಹೊತ್ತಿಗೆ ಅವನು ಕೂಡ ನಮ್ಮ ಹುಡುಗ. “ಮುಖ ನೋಡ್ರಲೇ, ಎಷ್ಟು ಶಾಂತ ಅದಾನೆ. ಹಿಂಗಿರೋರೇ ಕಪ್ ತರೋದು.” ಮುಖ ನೋಡಿ ಕಪ್ ಹೇಳುವ ಈ ವಿದ್ಯೆ ನಮ್ಮ ಹುಡುಗರಿಗೆ ಹೇಗೆ ಬಂತೋ, ಮಳೆ ಹೇಳುವವರಿಗೆ ಇನ್ನೂ ಬಂದಿಲ್ಲ.

ಇಲ್ಲೊಂದು ಹಳೆಯ ಕಡತ ತೆಗೆಯಬೇಕಾಗುತ್ತದೆ. 2022ರ ಹರಾಜಿನಲ್ಲಿ ಈ ಪಾಟೀದಾರ್ ಅವರನ್ನು ಯಾರೂ ಕೊಂಡಿರಲಿಲ್ಲ. ನಮ್ಮ ಕರ್ನಾಟಕದ ಲವನೀತ್ ಸಿಸೋಡಿಯಾ ಗಾಯಗೊಂಡದ್ದರಿಂದ ಆ ಜಾಗಕ್ಕೆ 20 ಲಕ್ಷಕ್ಕೆ ಬಂದರು. ಬಂದವರು ಮೇ 25ರಂದು ಕೋಲ್ಕತ್ತದ ಎಲಿಮಿನೇಟರ್‌ನಲ್ಲಿ ಲಖನೌ ಮೇಲೆ 54 ಎಸೆತಕ್ಕೆ ಔಟಾಗದೆ 112 ಹೊಡೆದರು. ಅಂದು ನಾವು ಅವರನ್ನು ದೇವರು ಅಂದೆವು. ಮರುವರ್ಷ ಹಿಮ್ಮಡಿ ಗಾಯದಿಂದ ಇಡೀ ಸೀಸನ್ ಆಡಲಿಲ್ಲ, ದೇವರನ್ನು ಮರೆತೆವು. 2024ರಲ್ಲಿ ಇಂಗ್ಲೆಂಡ್ ವಿರುದ್ಧ ಟೆಸ್ಟ್‌ಗೆ ಬಂದರು. ಮೂರು ಪಂದ್ಯ, ಆರು ಇನಿಂಗ್ಸ್, ಒಟ್ಟು 63 ರನ್. ಆಗ ಇದೇ ಬೆಂಚಿನ ಮೇಲೆ ಇದೇ ಜನ ಇದೇ ಚಹಾ ಕುಡಿಯುತ್ತ, “ಇವನ್ನ ಯಾವನಲೇ ಆರಿಸಿದ್ದು, ಬೇರೆ ಹುಡುಗರು ಇಲ್ವಾ?” ಅಂದಿದ್ದರು. ಅಂದರೆ ದೇವರು, ಅನಾಮಿಕ, ಅಯೋಗ್ಯ, ಆಪದ್ಬಾಂಧವ ಎಂಬ ನಾಲ್ಕು ಅವತಾರಗಳನ್ನು ಒಬ್ಬ ಮನುಷ್ಯ ಮೂರು ವರ್ಷದೊಳಗೆ ಎತ್ತಿದ್ದ. ಅವನು ಬದಲಾಗಿರಲಿಲ್ಲ. ಅವನು ಆಡುತ್ತಿದ್ದಾನೋ ಕಾಯುತ್ತಿದ್ದಾನೋ ಅನ್ನುವುದಷ್ಟೇ ಬದಲಾಗಿತ್ತು.

ಅಭಿಮಾನ ಎಲ್ಲ ಕಡೆ ಒಂದೇ ಆದರೂ ಅದನ್ನು ವ್ಯಕ್ತಪಡಿಸುವುದರಲ್ಲಿ ತಾಲ್ಲೂಕಿಗೊಂದು ಶೈಲಿ ಇದೆ.

ದುರ್ಗದ ಅಭಿಮಾನಿ ಹುಟ್ಟಾ ಇತಿಹಾಸಕಾರ. ಏಳು ಸುತ್ತಿನ ಕೋಟೆಯ ನೆರಳಲ್ಲಿ, ಹಳೇ ಮಾಧ್ಯಮಿಕ ಶಾಲಾ ಮೈದಾನದಲ್ಲಿ ಟೆನಿಸ್ ಬಾಲ್ ಆಡಿ ಬೆಳೆದವನು. ಹದಿನಾಲ್ಕು ವರ್ಷದ ವೈಭವ್ ಸೂರ್ಯವಂಶಿ 2025ರ ಏಪ್ರಿಲ್ 28ರಂದು ಜೈಪುರದಲ್ಲಿ 35 ಎಸೆತಕ್ಕೆ ಶತಕ ಹೊಡೆದಾಗ ಜಗತ್ತೆಲ್ಲ ಬಾಯಿ ಬಿಟ್ಟಿತು, ದುರ್ಗದವನು ಬಿಡಲಿಲ್ಲ. “ನಮಗೇನು ಹೊಸದಾ? ನಮ್ಮ ಮದಕರಿ ನಾಯಕರು ಪಟ್ಟಕ್ಕೆ ಬಂದಾಗ ಎಷ್ಟು ವಯಸ್ಸು?” ಅಂದ. ಮಾತು ಸುಳ್ಳಲ್ಲ. ದುರ್ಗದ ಕೊನೆಯ ಮದಕರಿ ನಾಯಕ 1754ರಲ್ಲಿ ಗಾದಿ ಏರಿದಾಗ ಹನ್ನೆರಡರ ಆಸುಪಾಸಿನ ಹುಡುಗ. 1779ರಲ್ಲಿ ಹೈದರಾಲಿ ಕೋಟೆ ಹಿಡಿಯುವ ತನಕ ಆಳಿದ. ನಮ್ಮ ಹಿರಿಯರು ಆ ಹುಡುಗನಿಗೆ 25 ವರ್ಷ ಕೊಟ್ಟರು. ನಾವು ಈಗಿನ ಹುಡುಗನಿಗೆ 25 ಬಾಲು ಕೊಡುವುದಿಲ್ಲ.

ಹೊಸದುರ್ಗದ ಅಭಿಮಾನಿಗೆ ಕ್ರಿಕೆಟ್ ಕೂಡ ರಾಜಕೀಯವೇ. ಹಳಬನನ್ನು ಇಳಿಸುವ ವಿದ್ಯೆ ಅಲ್ಲಿನವರಿಗೆ ತಾತನ ಕಾಲದಿಂದ ಬಂದದ್ದು. 1962ರ ಚುನಾವಣೆಯಲ್ಲಿ ಎಸ್. ನಿಜಲಿಂಗಪ್ಪನವರಂಥ ನಿಜಲಿಂಗಪ್ಪನವರನ್ನು ಹೊಸದುರ್ಗ ಕ್ಷೇತ್ರದಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪನವರ ಎದುರು ಕ್ಲೀನ್ ಬೌಲ್ಡ್ ಮಾಡಿ ಕಳಿಸಿದ ಊರದು. ಆದರೆ ಆಟದ ಸೊಗಸು ಅಲ್ಲಿಗೇ ಮುಗಿಯಲಿಲ್ಲ. ಎಸ್.ಆರ್. ಕಂಠಿಯವರನ್ನು ಮುಖ್ಯಮಂತ್ರಿ ಕುರ್ಚಿಗೆ ನೈಟ್ ವಾಚ್‌ಮನ್ ಆಗಿ ಕಳಿಸಿ, ಸುಮಾರು ಮೂರು ತಿಂಗಳು ಆಡಿಸಿ, ಬಾಗಲಕೋಟೆಯ ಪಿಚ್‌ನಲ್ಲಿ ಅವಿರೋಧವಾಗಿ ಆಯ್ಕೆಯಾಗಿ ಬಂದ ನಿಜಲಿಂಗಪ್ಪನವರು ಜೂನ್‌ನಲ್ಲಿ ಮತ್ತೆ ಮುಖ್ಯಮಂತ್ರಿಯಾದರು. ಹೊಸದುರ್ಗದವರು ಆಗಲೇ ಕಲಿತ ಪಾಠ: ಪ್ರೇಕ್ಷಕ ಔಟ್ ಕೊಟ್ಟರೆ ಸಾಲದು, ಅಂಪೈರೂ ಕೊಡಬೇಕು. ಏಳು ವರ್ಷ ಕಳೆದು 1969ರ ನವೆಂಬರ್ 12ರಂದು ಇದೇ ನಿಜಲಿಂಗಪ್ಪನವರು ಕಾಂಗ್ರೆಸ್ ಅಧ್ಯಕ್ಷರಾಗಿ ಇಂದಿರಾ ಗಾಂಧಿಯವರನ್ನೇ ತಂಡದಿಂದ ಹೊರಗೆ ಹಾಕಿದರು. ಹಿರಿಯರು ಕಿರಿಯರನ್ನು ಕೈಬಿಟ್ಟ ಅಂಥ ದೊಡ್ಡ ಆಯ್ಕೆ ಭಾರತದಲ್ಲಿ ಮತ್ತೆ ನಡೆದಿಲ್ಲ. 1971ರ ಲೋಕಸಭೆ ಚುನಾವಣೆಯಲ್ಲಿ ನಮ್ಮ ರಾಜ್ಯದ 27ಕ್ಕೆ 27 ಸ್ಥಾನವೂ ಹೊರಗೆ ಹಾಕಿಸಿಕೊಂಡವರ ಪಾಲಾಯಿತು. ಆದ್ದರಿಂದ ಹೊಸದುರ್ಗದ ಅಭಿಮಾನಿ ನಾಯಕತ್ವ ಬದಲಾವಣೆ ಅಂದ ಕೂಡಲೇ ಸ್ಕೋರು ನೋಡುವುದಿಲ್ಲ, “ಹಿಂದೆ ಯಾರವ್ರೆ?” ಅಂತ ಕೇಳುತ್ತಾನೆ.

ಹೊಳಲ್ಕೆರೆಯವನಿಗೆ ಆಟಗಾರ ಅಂದರೆ ಅಡಿಕೆ. ಭೀಮಸಮುದ್ರದ ಮಾರುಕಟ್ಟೆಯಲ್ಲಿ ಕ್ವಿಂಟಾಲ್ ಧಾರಣೆ ಕೇಳುವ ಕಿವಿಯಲ್ಲೇ ಅವನು ಸ್ಟ್ರೈಕ್ ರೇಟನ್ನೂ ಕೇಳುತ್ತಾನೆ. ನಿನ್ನೆ ಏರಿದ್ದವನು ಇಂದು ಇಳಿದರೆ ಮಾರಿಬಿಡು; ಮುಂದಿನ ವಾರ ಏರಿದರೆ ಅಯ್ಯೋ ಮಾರಬಾರದಿತ್ತು ಅನ್ನು. ಅವನ ಚೀಲದಲ್ಲಿ ಹಳೆ ಅಡಿಕೆ ಹೊಸ ಅಡಿಕೆ ಎಂಬ ಎರಡೇ ಜಾತಿ.

ಇನ್ನು ಹಿರಿಯೂರಿನವನು. ಆರ್‌ಸಿಬಿ ಕಪ್ಪಿಗಾಗಿ 18 ಸೀಸನ್ ಕಾಯಿತು ಎಂದು ನಾಡೆಲ್ಲ ಗೋಳಾಡುವಾಗ ಮನಸ್ಸಿನಲ್ಲೇ ನಕ್ಕವನು ಇವನೊಬ್ಬನೇ. 1907ರಲ್ಲಿ ಕಟ್ಟಿ ಮುಗಿದ ಮಾರಿಕಣಿವೆ, ಅಂದರೆ ಅದೇ ವಾಣಿವಿಲಾಸ ಸಾಗರ, 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಮುಂದಿನ ಕೋಡಿ 2022ರಲ್ಲಿ. ನಡುವೆ 89 ವರ್ಷ. ಅಷ್ಟೂ ವರ್ಷ ಹಿರಿಯೂರಿನ ಜನ ಅಣೆಕಟ್ಟೆಯನ್ನು ಬದಲಿಸಿ ಎಂದಿಲ್ಲ, ಮುದಿಯಾಯಿತು ಎಂದಿಲ್ಲ, ಪಕ್ಕದಲ್ಲಿ ಇನ್ನೊಂದು ಹುಡುಗ ಅಣೆಕಟ್ಟೆ ಕೂತಿದೆ, ಅದಕ್ಕೆ ಅವಕಾಶ ಕೊಡಿ ಎಂದಿಲ್ಲ. ಜಿಲ್ಲೆಯಲ್ಲಿ ತಾಳ್ಮೆ ಅನ್ನುವ ಪದಾರ್ಥ ಒಂದಿಷ್ಟು ಉಳಿದಿದ್ದರೆ ಅದು ಅಲ್ಲೇ ಇರಬೇಕು. ಆದರೆ ಆ ಹಿರಿಯೂರಿನವನೂ ಐಪಿಎಲ್ ಶುರುವಾದರೆ ಪವರ್‌ಪ್ಲೇ ಮುಗಿಯುವಷ್ಟರಲ್ಲಿ ಚಾನೆಲ್ ಬದಲಿಸುತ್ತಾನೆ.

ಹಳಬರು ಹೋಗಬೇಕು ಎಂಬ ಈ ಕಾನೂನಿಗೆ ಒಂದೇ ಒಂದು ತಿದ್ದುಪಡಿ ಇದೆ: ವಿರಾಟ್ ಕೊಹ್ಲಿ ಹಳಬರಲ್ಲ. 2008ರಿಂದ ಒಂದೇ ತಂಡದಲ್ಲಿದ್ದಾರೆ, 2016ರಲ್ಲಿ 973 ರನ್ ಹೊಡೆದು ಫೈನಲ್‌ನಲ್ಲಿ 8 ರನ್ನಿಗೆ ಸೋತಿದ್ದಾರೆ, 2021ರವರೆಗೆ ನಾಯಕರಾಗಿದ್ದು ಒಂದೂ ಕಪ್ ತಂದಿಲ್ಲ. ಆದರೂ ಅವರ ವಯಸ್ಸಿನ ಮಾತು ಎತ್ತಿದವನಿಗೆ ನಮ್ಮಲ್ಲಿ ಚಹಾದ ಲೆಕ್ಕ ಬರೆಯುವುದಿಲ್ಲ, ನಗದು ಕೇಳುತ್ತಾರೆ. ಡುಪ್ಲೆಸಿ ಕೊಹ್ಲಿಗಿಂತ ನಾಲ್ಕೇ ವರ್ಷ ದೊಡ್ಡವರು. ಆ ನಾಲ್ಕು ವರ್ಷದಲ್ಲೇ ಮುಪ್ಪು ಹೇಗೆ ನುಗ್ಗಿತು ಎಂದು ವೈದ್ಯರು ಹೇಳಬೇಕು. ಉಳಿದವರ ಮುಪ್ಪು ಮಂಡಿಯಲ್ಲಿ ಶುರುವಾಗುತ್ತದೆ. ಅದು ಶುರುವಾಯಿತೋ ಇಲ್ಲವೋ ಎಂದು ತೀರ್ಮಾನಿಸುವುದು ಮಾತ್ರ ಅಭಿಮಾನಿಯ ಪಕ್ಷಪಾತ.

2025ರ ಮೇ 12ರಂದು ಕೊಹ್ಲಿ ಟೆಸ್ಟ್‌ಗೆ ವಿದಾಯ ಹೇಳಿದಾಗ ಊರಿಗೂರೇ ಅತ್ತಿತು. ಜೂನ್ 20ರ ಹೊತ್ತಿಗೆ ಕಣ್ಣೀರು ಆರಿತ್ತು, ಲೀಡ್ಸ್‌ನಲ್ಲಿ ಹೊಸ ಯುಗ ಶುರುವಾಗುವುದಿತ್ತು. ಹೊಸ ಯುಗಕ್ಕೆ ಬಂದವರಲ್ಲಿ 23ರ ಸಾಯಿ ಸುದರ್ಶನ್, ಜೊತೆಗೆ ನಮ್ಮ 33ರ ಕರುಣ್ ನಾಯರ್. ಕರುಣ್ ಹೊಸಬರಾದ ಕಥೆಯೇ ಸ್ವಾರಸ್ಯ. 2016ರ ಡಿಸೆಂಬರಿನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ಮೇಲೆ ಔಟಾಗದೆ 303 ಹೊಡೆದರು. ಮುಂದಿನ ಟೆಸ್ಟ್‌ನಲ್ಲಿ ಅವರಿಗೆ ಜಾಗ ಇರಲಿಲ್ಲ. ಮುನ್ನೂರು ಹೊಡೆದವನನ್ನು ಮರುಪಂದ್ಯಕ್ಕೆ ಕೂರಿಸಿದ ದೇಶ, ಎಂಟು ವರ್ಷ ಕಾಯಿಸಿ, ‘ಭರವಸೆಯ ಬದಲಿ ಆಟಗಾರ’ ಎಂದು ಕರೆಸಿಕೊಂಡಿತು. ಲೀಡ್ಸ್‌ನ ಮೊದಲ ಇನಿಂಗ್ಸ್‌ನಲ್ಲಿ ಇಬ್ಬರೂ ಸೊನ್ನೆಗೆ ಔಟು. ಅಂದು ಸಂಜೆಯೇ ಸಂತೆಪೇಟೆಯಲ್ಲಿ ಒಬ್ಬ ಅಣ್ಣ ಎದ್ದು ನಿಂತು, “ಕೊಹ್ಲಿ ಇರಬೇಕಿತ್ತು ಕಣ್ರಲೇ” ಅಂದ. ಹಿಂದಿನ ಚಳಿಗಾಲದಲ್ಲಿ, ಆಫ್ ಸ್ಟಂಪಿನ ಹೊರಗಿನ ಬಾಲಿಗೆ ಮತ್ತೆ ಮತ್ತೆ ಬ್ಯಾಟು ಕೊಡ್ತಾನೆ, ಇವನ್ನ ಮನೆಗೆ ಕಳಿಸ್ರಿ ಎಂದವನೂ ಅವನೇ. ಹೋಗುವ ತನಕ ಹೋಗಲಿ ಅನ್ನುವುದು, ಹೋದ ಮೇಲೆ ಇರಬೇಕಿತ್ತು ಅನ್ನುವುದು: ಇದನ್ನು ಚಂಚಲತೆ ಅನ್ನಬೇಡಿ. ಮೈದಾನದಲ್ಲಿ ಇಲ್ಲದವನ ಮೇಲೆ ಅಚಲವಾದ ನಿಷ್ಠೆ ಅದು.

ಹೊಸಬ ಬಂದ, ಕಪ್ ಬಂತಲ್ಲ ಅನ್ನಬಹುದು. ಬಂತು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ಮೇಲೆ 6 ರನ್ನಿನ ಗೆಲುವು. ಆದರೆ ಆ ರಾತ್ರಿಯ ಲೆಕ್ಕಪತ್ರ ತೆಗೆದು ನೋಡಿ. ಪಂದ್ಯಶ್ರೇಷ್ಠ ಕೃಣಾಲ್ ಪಾಂಡ್ಯ, 17 ರನ್ನಿಗೆ 2 ವಿಕೆಟ್, ವಯಸ್ಸು 34. ಭುವನೇಶ್ವರ್ ಕುಮಾರ್ 35. ಕೊನೆಯ ಓವರ್ ಎಸೆದ ಹೇಜಲ್‌ವುಡ್ 34. ತಂಡದ ಪರ ಅತಿಹೆಚ್ಚು ರನ್ ಕೊಹ್ಲಿಯದು, 35 ಎಸೆತಕ್ಕೆ 43. ಆ 43 ನಡೆಯುವಾಗ, “ಇವನು ಟೆಸ್ಟ್ ಬಿಟ್ಟಿಲ್ಲ, ಇಲ್ಲೇ ಆಡ್ತಾ ಅದಾನೆ” ಎಂದು ಶಪಿಸಿದ ಬಾಯಿಗಳೇ ರಾತ್ರಿ ಹನ್ನೊಂದೂವರೆಗೆ ಅವನ ಕಣ್ಣೀರು ನೋಡಿ ಅತ್ತವು. ಹುಡುಗರ ಯುಗ ಅಂತ ಕೇಕ್ ಕತ್ತರಿಸಿದೆವು. ಗೆಲ್ಲಿಸಿದವರಿಗೆಲ್ಲ ಮಂಡಿನೋವಿನ ವಯಸ್ಸು.

ಮರುದಿನ ನಡೆದದ್ದರಲ್ಲಿ ನಗುವಂಥದ್ದು ಏನೂ ಇಲ್ಲ. ಗೆದ್ದ ಇಪ್ಪತ್ನಾಲ್ಕು ಗಂಟೆಯೊಳಗೆ ಬೆಂಗಳೂರಿನಲ್ಲಿ ವಿಜಯೋತ್ಸವ ಆಗಲೇಬೇಕು ಎಂದು ದೊಡ್ಡವರು ಆತುರಪಟ್ಟರು. ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಕಪ್ಪಿಗೆ 18 ಸೀಸನ್ ಕಾದ ಊರಿಗೆ ಮೆರವಣಿಗೆಗೆ ನಾಲ್ಕು ದಿನ ಕಾಯಲಾಗಲಿಲ್ಲ.

ಹಾಗೆಂದು ನಮಗೆ ಕಾಯಲು ಬರುವುದಿಲ್ಲ ಎಂದು ಯಾರೂ ತಿಳಿಯಬಾರದು. ನಾವು ಕಾಯುವುದರಲ್ಲಿ ಪಂಡಿತರು. ಯಾವುದಕ್ಕೆ ಕಾಯುತ್ತೇವೆ ಅನ್ನುವುದಷ್ಟೇ ಪ್ರಶ್ನೆ. ಆರ್‌ಸಿಬಿ ಮೊದಲ ಪಂದ್ಯ ಆಡಿದ್ದು 2008ರ ಏಪ್ರಿಲ್ 18ರಂದು. ಮೆಕಲಮ್ ಒಬ್ಬನೇ 158 ಹೊಡೆದ, ನಾವು ಹನ್ನೊಂದು ಜನ ಸೇರಿ 82. ಅದೇ 2008ರಲ್ಲಿ ನಮ್ಮ ಜಿಲ್ಲೆಗೆ ನೀರು ತರಬೇಕಾದ ಭದ್ರಾ ಮೇಲ್ದಂಡೆ ಯೋಜನೆಗೆ 5,985 ಕೋಟಿ ರೂಪಾಯಿಗೆ ಆಡಳಿತಾತ್ಮಕ ಮಂಜೂರಾತಿ ಸಿಕ್ಕಿತು. ಅಂದರೆ ಇವೆರಡೂ ಓರಗೆಯ ಮಕ್ಕಳು. ಒಂದಕ್ಕೆ 2025ರವರೆಗೆ ಹಂಗಾಮಿಯವರನ್ನು ಬಿಟ್ಟು ಏಳು ನಾಯಕರು: ದ್ರಾವಿಡ್, ಪೀಟರ್ಸನ್, ಕುಂಬ್ಳೆ, ವೆಟೋರಿ, ಕೊಹ್ಲಿ, ಡುಪ್ಲೆಸಿ, ಪಾಟೀದಾರ್. ಇನ್ನೊಂದಕ್ಕೆ ಅದೇ ಅವಧಿಯಲ್ಲಿ ಆರು ಮುಖ್ಯಮಂತ್ರಿಗಳು: ಯಡಿಯೂರಪ್ಪ, ಸದಾನಂದ ಗೌಡ, ಶೆಟ್ಟರ್, ಸಿದ್ದರಾಮಯ್ಯ, ಕುಮಾರಸ್ವಾಮಿ, ಬೊಮ್ಮಾಯಿ, ಅದರಲ್ಲಿ ಇಬ್ಬರದು ಒಂದಕ್ಕಿಂತ ಹೆಚ್ಚು ಇನಿಂಗ್ಸ್. ಏಳು ನಾಯಕರಲ್ಲಿ ಆರು ಜನರನ್ನು ನಾವು ಸಾಕು ನಡಿ ಎಂದು ಬೈದು ಕಳಿಸಿದೆವು. ಆರು ಮುಖ್ಯಮಂತ್ರಿಗಳಲ್ಲಿ ಒಬ್ಬರ ಸ್ಟ್ರೈಕ್ ರೇಟನ್ನಾದರೂ ಮಂಡಕ್ಕಿ ಅಂಗಡಿಯಲ್ಲಿ ಲೆಕ್ಕ ಹಾಕಿದ್ದು ಯಾರಿಗಾದರೂ ನೆನಪಿದೆಯೇ?

ನ್ಯಾಯವಾಗಿ ಹೇಳಬೇಕೆಂದರೆ ಆಟ ಪೂರಾ ನಿಂತಿಲ್ಲ. ಅಜ್ಜಂಪುರದ ಸುರಂಗ ದಾಟಿ ಭದ್ರೆಯ ನೀರು ಮಾರಿಕಣಿವೆಗೆ ಒಂದಿಷ್ಟು ಹರಿದಿದೆ; ಅದೊಂದು ಒಳ್ಳೆಯ ಬೌಂಡರಿ ಎಂದು ಚಪ್ಪಾಳೆ ತಟ್ಟೋಣ. ಆದರೆ ಗುರಿ ಇರುವುದು ಎರಡೂಕಾಲು ಲಕ್ಷ ಹೆಕ್ಟೇರ್, ಅದೂ ನಾಲ್ಕು ಜಿಲ್ಲೆಗಳಲ್ಲಿ. ಬೇಕಾದ ರನ್‌ರೇಟು ಓವರಿಗೆ ಮೂವತ್ತಾರು ದಾಟಿ ಬಹಳ ದಿನವಾಯಿತು. 2023ರ ಫೆಬ್ರುವರಿ 1ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಎಂದು ಸಾರಿದಾಗ ನಾವು ಪಟಾಕಿ ಹೊಡೆದದ್ದೂ ಹೊಡೆದದ್ದೇ. 2025ರಲ್ಲೂ ರಾಜ್ಯದವರು ಆ ದುಡ್ಡು ಎಲ್ಲಿ ಎಂದು ಕೇಳುತ್ತಲೇ ಇದ್ದರು. ತುಮಕೂರು–ದಾವಣಗೆರೆ ನೇರ ರೈಲು ಮಾರ್ಗ 2011–12ರ ಬಜೆಟ್ಟಿನ ಕೂಸು. ಹಿರಿಯೂರಿನ ಪ್ಲಾಟ್‌ಫಾರಂ ಮೇಲೆ ನಿಂತು ಬೆಂಗಳೂರಿನ ರೈಲು ಹತ್ತುತ್ತೇವೆಂದು ಅಂದು ಕನಸು ಕಂಡ ಯುವಕರು ಈಗ ತಮ್ಮ ಮಕ್ಕಳನ್ನು ಹೆದ್ದಾರಿಯ ಬಸ್ಸು ಹತ್ತಿಸುತ್ತಿದ್ದಾರೆ. ಡುಪ್ಲೆಸಿಗೆ ಸಿಗದ ರಿಯಾಯಿತಿ ಇದು. ಮೂರು ಪಂದ್ಯ ವಿಫಲನಾದ ಆಟಗಾರನಿಗೆ ನೋಟಿಸು, ಮೂರು ಸರ್ಕಾರ ವಿಫಲವಾದ ಯೋಜನೆಗೆ ಸನ್ಮಾನ. ನಮ್ಮ ಬಳಿ ಇರುವ ತಾಳ್ಮೆಯನ್ನೆಲ್ಲ ಕಾಲುವೆಗೆ ಕೊಟ್ಟಿದ್ದೇವೆ. ಸಿಟ್ಟನ್ನೆಲ್ಲ ಬ್ಯಾಟ್ಸ್‌ಮನ್‌ಗೆ ಎತ್ತಿಟ್ಟಿದ್ದೇವೆ.

ಇದು ಮೂರ್ಖತನವಲ್ಲ, ಜಾಣತನ. ಇಪ್ಪತ್ತು ಓವರಿನ ಆಟದಲ್ಲಿ ಬೈದರೆ ಯಾರೂ ನಮ್ಮನ್ನು ಏನೂ ಕೇಳುವುದಿಲ್ಲ. ಇಂದೋರಿನ ಹುಡುಗ ದುರ್ಗಕ್ಕೆ ಬಂದು “ಏನಣ್ಣ, ನನ್ನ ಬಗ್ಗೆ ಹಂಗೆ ಅಂದ್ಯಂತೆ” ಅನ್ನುವುದಿಲ್ಲ. ಕಾಲುವೆಯ ಗುತ್ತಿಗೆದಾರ ಅಂತಾನೆ. ಅವನ ಮನೆ ಮುಂದಿನ ಬೀದಿಯಲ್ಲೇ ಇರುತ್ತದೆ. ಅದಕ್ಕೇ ಬದಲಾವಣೆ ಬೇಕು ಎಂಬ ನಮ್ಮ ಹಟವನ್ನೆಲ್ಲ, ಬದಲಾದರೂ ಬದಲಾಗದಿದ್ದರೂ ನಮ್ಮ ನಲ್ಲಿಗೆ ಸಂಬಂಧವಿಲ್ಲದ ಒಂದು ಹುದ್ದೆಯ ಮೇಲೆ ಸುರಿಯುತ್ತೇವೆ. ಹೊಸ ಹುಡುಗನ ಮುಖದಲ್ಲಿ ನಮಗೆ ಕಾಣುವುದು ಕವರ್ ಡ್ರೈವ್ ಅಲ್ಲ. ಇನ್ನೂ ಯಾರೂ ಕೆಡಿಸದ ಒಂದು ನಾಳೆ. ಅಂಥ ನಾಳೆ ಒಂದಾದರೂ ಬೇಕಲ್ಲ ಎಂದು ಹುಡುಗನನ್ನು ಹಿಡಿದುಕೊಂಡಿದ್ದೇವೆ. ಅವನು ಮೊದಲ ಬಾರಿ ಸೊನ್ನೆಗೆ ಔಟಾದಾಗ ನಮಗೆ ಬರುವ ಸಿಟ್ಟು ಅವನ ಮೇಲಿನದ್ದಲ್ಲ; ಅವನು ಕೂಡ ಮಂಜೂರಾದ ಯೋಜನೆಯಂತೆ ಆಗಿಬಿಟ್ಟನಲ್ಲ ಎಂಬುದರ ಮೇಲಿನದ್ದು.

ಆದ್ದರಿಂದ ಜಿಲ್ಲೆಯ ಸಮಸ್ತ ಅಭಿಮಾನಿಗಳ ಪರವಾಗಿ ಒಂದು ಸಣ್ಣ ಮನವಿ. ಮುಂದಿನ ಐಪಿಎಲ್ ಹರಾಜಿನಲ್ಲಿ ಭದ್ರಾ ಮೇಲ್ದಂಡೆಯನ್ನೂ ಪಟ್ಟಿಗೆ ಸೇರಿಸಿ. ಮೂಲಬೆಲೆ 5,985 ಕೋಟಿ. ಪರಿಷ್ಕೃತ ಕೂಗು 12,340 ಕೋಟಿ. ಮತ್ತೊಮ್ಮೆ ಪರಿಷ್ಕರಿಸಿದ ಕೂಗು 21,473 ಕೋಟಿ. ಇಷ್ಟು ಏರಿದ ಆಟಗಾರ ಐಪಿಎಲ್ ಚರಿತ್ರೆಯಲ್ಲೇ ಇಲ್ಲ; 27 ಕೋಟಿಯ ರಿಷಭ್ ಪಂತ್ ಕೂಡ ಇವನ ಮುಂದೆ ಚಿಲ್ಲರೆ. ನಾವು ಇವನಿಂದ ಹೆಚ್ಚೇನೂ ಕೇಳುವುದಿಲ್ಲ. ಶತಕ ಬೇಡ, ಸಿಕ್ಸರ್ ಬೇಡ. ಹೊಳಲ್ಕೆರೆ ಕಡೆಯ ಒಂದೇ ಒಂದು ಕೆರೆಗೆ ಇಂತಿಷ್ಟು ದಿನದೊಳಗೆ ನೀರು ತುಂಬಿಸಬೇಕು, ಆಗದಿದ್ದರೆ ಹೊಣೆ ಹೊತ್ತವರನ್ನು ಮುಂದಿನ ಪಂದ್ಯಕ್ಕೆ ಕೂರಿಸಬೇಕು. ಪಾಟೀದಾರ್‌ಗೆ ಹಾಕಿದ ಷರತ್ತೂ ಇದೇ ಆಗಿತ್ತು. ಅವನೊಬ್ಬ ಒಪ್ಪಿಕೊಂಡು ಆಡಿದ.